ಜೋಡಿ ತಪ್ಪಿದ ಹಾಸು

ನುರಿಪಾ ಆ ಸುಳ್ಳು ಹೇಳಬೇಕೆಂದು ಮನೆಯಿಂದ ಹೊರಟವಳಲ್ಲ. ಪಕ್ಕದ ಮನೆಯ ಕಲಿಚಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನುರಿಪಾ ಬಾಗಿಲಲ್ಲೇ ನಿಂತು, "ಗುರುವಾರ ಉಣ್ಣೆ ಉರುಳಿಸ್ತೀನಿ, ಅಶಾರಿಗೆ ಬಾರೇ, ನಾಲ್ಕು ಕೈ ಕೂಡಬೇಕು" ಎಂದಳು. ಕಲಿಚಾ ತಲೆ ಎತ್ತದೆ, "ಏನು, ಮಗಳ ಮದುವೆ ಗಂಟಿಗಾ?" ಎಂದು ಕೇಳಿದಳು.

ನುರಿಪಾ "ಹೂಂ" ಅಂದಳು.

ಕಲಿಚಾಳಿಗೆ ಬರೀ ಹೂಂಗುಟ್ಟಿದರೆ ಸಾಕಾಗಿತ್ತು. ಉಳಿದ ಮನೆಗಳಲ್ಲಿ ಅವಳೇ ಬಾಯಿ ಬಿಟ್ಟು ಹೇಳಬೇಕಾಯಿತು. ಬೀದಿಯ ಕೊನೆಯ ಮನೆ ಮುಟ್ಟುವಷ್ಟರಲ್ಲಿ ಮಾತು ನಾಲಿಗೆಗೆ ಹೊಂದಿಕೊಂಡುಬಿಟ್ಟಿತ್ತು.

ಚಳಿಗಾಲದಲ್ಲಿ ಕೈ ಸುಮ್ಮನಿರಬಾರದೆಂದು ನುರಿಪಾ ಉಣ್ಣೆಯ ಚಪ್ಪಲಿ, ದಿಂಬು ಮಾಡುತ್ತಿದ್ದಳು. ಮಗಳು ಬೆಗಾಯಿಮ್ ಅವುಗಳ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಮೊದಲು ರಾಜಧಾನಿ ಬಿಷ್ಕೆಕ್‌ನವರು ಕೇಳಿದರು, ಆಮೇಲೆ ಹೆಸರೇ ಕೇಳದ ಊರುಗಳವರು. ಹೀಗಿರುವಾಗ ಪರದೇಶದ ಒಬ್ಬಾಕೆ ಇಡೀ ಕೋಣೆಗಾಗುವ ಚಿತ್ತಾರದ ನೆಲಹಾಸು, ಶಿರ್ದಾಕ್, ಬೇಕು ಎಂದು ಬರೆದಳು. ಚಪ್ಪಲಿಯನ್ನು ಎರಡು ಕೈ ಮಾಡೀತು. ಶಿರ್ದಾಕಿಗೆ ಬೇಕಾಗುವ ಉಣ್ಣೆಹಾಸನ್ನು ಒಬ್ಬಳೇ ಮಾಡುವುದು ಹೇಗೆ? ಜೊಂಡಿನ ಚಾಪೆಯ ಮೇಲೆ ಉಣ್ಣೆ ಹರಡಿ, ಕುದಿನೀರು ಹೊಯ್ದು, ಸುತ್ತಿ, ಉರುಳಿಸಿ, ಮೊಣಕೈ ಊರಿ ಒತ್ತಲು ಅಂಗಳದ ತುಂಬ ಹೆಂಗಸರು ಬೇಕು. ಅಶಾರ್ ಕರೆದರೆ ಯಾರೂ ಇಲ್ಲ ಅನ್ನುವುದಿಲ್ಲ. ಇವತ್ತು ನಿನ್ನಂಗಳ, ನಾಳೆ ನನ್ನಂಗಳ. ಆದರೆ ಅಶಾರ್ ಮನೆ ಕಟ್ಟುವುದಕ್ಕುಂಟು, ಮದುವೆಗುಂಟು, ಸಾವಿಗುಂಟು. ವ್ಯಾಪಾರಕ್ಕೆ ಕರೆದವರನ್ನು ಅವಳು ಕಂಡಿರಲಿಲ್ಲ. ಕೂಲಿ ಕೊಡುತ್ತೇನೆ ಎನ್ನೋಣವೆಂದರೆ, ಅತ್ತೆ ಸತ್ತಾಗ ವಾರವಿಡೀ ತನ್ನ ಒಲೆ ಉರಿಸಿದ ಹೆಂಗಸರಿಗೆ ಯಾವ ಬಾಯಲ್ಲಿ ಹೇಳುವುದು? ಈ ಇಕ್ಕಟ್ಟಿನಲ್ಲಿದ್ದವಳಿಗೆ ಕಲಿಚಾಳೇ ದಾರಿ ತೋರಿಸಿದಂತಾಗಿತ್ತು.

ಗುರುವಾರ ಎಲ್ಲರೂ ಬಂದರು. ಮದುವಣಗಿತ್ತಿಯ ಹಾಸೆಂದು ಒಬ್ಬೊಬ್ಬಳೂ ತನ್ನ ಕುರಿಯ ಉಣ್ಣೆಯನ್ನು ಒಂದೊಂದು ಹಿಡಿ ತಂದು ಚಾಪೆಯ ಮೇಲೆ ಉದುರಿಸಿದಳು. ಊರಿಗೆಲ್ಲ ಹಿರಿಯಳಾಗಿ 'ಅಪಾ' ಎನಿಸಿಕೊಂಡಿದ್ದ ಉಮ್ಸುನಾಯ್ ಕೂಡ ಗಂಟುಗಟ್ಟಿದ ಬೆರಳುಗಳಲ್ಲಿ ಬೂದು ಉಣ್ಣೆ ಹಿಡಿದು ಬಂದಿದ್ದಳು.

"ಗಂಡು ಯಾರೇ ಬೆಗಾಯಿಮ್?" ಎಂದು ಕಲಿಚಾ ಸುತ್ತಿದ ಚಾಪೆಯ ಹಗ್ಗ ಎಳೆಯುತ್ತಲೇ ಕೂಗಿದಳು.

"ಇನ್ನೂ ಹುಟ್ಟಿಲ್ಲ, ಅಕ್ಕಾ."

"ಹಾಗಾದ್ರೆ ನೀನೇ ಪುಣ್ಯವಂತೆ. ಅತ್ತೆಯೂ ಇನ್ನೂ ಬಸುರಿಯಾಗಿಲ್ಲ ಅನ್ನು!"

ಅಂಗಳವೆಲ್ಲ ನಕ್ಕಿತು. ಬೆಗಾಯಿಮ್ ತಾಯಿಯ ಮುಖ ನೋಡಿದಳು. ನುರಿಪಾ ಕುದಿನೀರು ತರುವ ನೆವದಲ್ಲಿ ಒಳಗೆ ಹೋದಳು.

ಕೆಲಸ ಮುಗಿದಾಗ ಉಮ್ಸುನಾಯ್ ಹಿರಿಯರು ಹರಸುವ ಬಾತಾ ಕೊಟ್ಟಳು. ಎಲ್ಲರೂ ಅಂಗೈ ತೆರೆದು ಕುಳಿತರು. "ಮಗಾ, ಇದರ ಮೇಲೆ ನಿನ್ನ ಮಕ್ಕಳು ಅಂಬೆಗಾಲಿಡಲಿ. ಇದು ಸವೆಯೋ ತನಕ ನಿನ್ನ ಕಣ್ಣಲ್ಲಿ ನೀರು ಬಾರದಿರಲಿ. ಓಮಿನ್." ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡರು. ನುರಿಪಾಳೂ ಸವರಿಕೊಂಡಳು. ಅವಳ ಮುಖ ಒಲೆಯ ಮುಂದೆ ಕೂತವಳ ಮುಖದಂತೆ ಸುಡುತ್ತಿತ್ತು.

ಆಮೇಲಿನದು ಸೂಜಿ ಕತ್ತರಿಯ ಕೆಲಸ. ನುರಿಪಾ ಹಾಸನ್ನು ಎರಡು ಮಾಡಿ ಒಂದಕ್ಕೆ ಕೆಂಪು ಬಣ್ಣ ಹಾಕಿದಳು. ಕೆಂಪು ಹಾಸು, ಬಿಳಿ ಹಾಸು ಒಂದರ ಮೇಲೊಂದಿಟ್ಟು ಟಗರಿನ ಕೊಂಬಿನ ಚಿತ್ತಾರ ಕತ್ತರಿಸಿದಳು. ಕೆಂಪಿನ ಕೊಂಬು ಬಿಳಿಗೆ, ಬಿಳಿಯ ಕೊಂಬು ಕೆಂಪಿಗೆ. ಚೂರೂ ಹಾಳಾಗದೆ ಒಂದೇ ಕತ್ತರಿಗೆ ಎರಡು ಶಿರ್ದಾಕ್ ಹುಟ್ಟುತ್ತವೆ. ಕೆಂಪು ನೆಲದ್ದು ಪರದೇಶಕ್ಕೆ ಹೋಯಿತು. ಬಿಳಿ ನೆಲದ್ದು ಪೆಟ್ಟಿಗೆಯ ಮೇಲೆ ಮಡಿಸಿಕೊಂಡು ಕೂತಿತು.

ಸೇಬು ಕೆಂಪಾಗುವ ಹೊತ್ತಿಗೆ ಒಂದು ದಿನ ಉಮ್ಸುನಾಯ್ ಕೋಲೂರಿಕೊಂಡು ಬಂದಳು. ಕಂಕುಳಲ್ಲಿ ಹುರಿಯ ಉಂಡೆ.

"ಅಂಚಿಗೆ ಹಾಕೋ ಹುರಿ, ನುರಿಪಾ. ಬೇಸಿಗೆಯೆಲ್ಲ ಹೊಸೆದೆ. ತಾ ಮಗಳ ಹಾಸು, ನಾನೇ ಕೂರಿಸಿ ಹೋಗ್ತೀನಿ."

ಮಾರಿದ ಹಾಸನ್ನು ನುರಿಪಾ ಎಲ್ಲಿಂದ ತರುವುದು? ಮರುಗಳಿಗೆಗೆ ಬಿಳಿ ಹಾಸು ನೆನಪಾಯಿತು. ಬದುಕಿದೆ ಅಂದುಕೊಂಡಳು. ಓಡಿಹೋಗಿ ತಂದು, ಮುದುಕಿಯ ಮುಂದೆ ಬಿಡಿಸಿದಳು. ಉಮ್ಸುನಾಯ್ ಕೊಂಬಿನ ತಿರುವುಗಳ ಮೇಲೆ ನಿಧಾನವಾಗಿ ಕೈಯಾಡಿಸಿದಳು.

"ಚೆನ್ನಾಗಿ ಕೂಡಿದೆ. ಇದರ ಜೋಡಿ ತಾ."

ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಶಿರ್ದಾಕ್ ಕತ್ತರಿಸಿದವಳು ತಾನು, ಇಷ್ಟು ಹೇಗೆ ಮರೆತೆ ಎಂದು ನುರಿಪಾಳಿಗೆ ತಿಳಿಯಲಿಲ್ಲ. ಬಿಳಿಯ ಮೈಮೇಲೆ ಕೆಂಪು ಕೊಂಬು ಇದೆಯೆಂದರೆ, ಬಿಳಿ ಕೊಂಬು ಹೊತ್ತ ಕೆಂಪು ಮೈ ಎಲ್ಲೋ ಇರಲೇಬೇಕಲ್ಲ.

"ಅದು... ಇನ್ನೂ ಹೊಲಿದಿಲ್ಲ, ಅಪಾ."

"ಅದಕ್ಕೇನಂತೆ, ತುಂಡುಗಳನ್ನೇ ತಾ. ಇಬ್ಬರೂ ಕೂತು ಹೊಲಿಯೋಣ. ನನ್ನ ಕೈ ಇನ್ನೂ ಸತ್ತಿಲ್ಲ."

ಒಲೆಯ ಮೇಲೆ ಚಹಾದ ನೀರು ಮರಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಬೆಗಾಯಿಮ್ ಕೆಳಗೆ ನೋಡುತ್ತಿದ್ದಳು. ಇನ್ನೊಂದು ಸುಳ್ಳಿಗಾಗಿ ನುರಿಪಾ ತಡಕಾಡಿದಳು, ಸಿಗಲಿಲ್ಲ.

"ಮಾರಿದೆ, ಅಪಾ. ಫೋನಿನಲ್ಲಿ ಕೇಳಿದ್ರು. ಅವತ್ತು ಕರೆದದ್ದೇ ಅದಕ್ಕೆ."

ಮುದುಕಿ ಹಾಸಿನಿಂದ ಕೈ ತೆಗೆದಳು. "ಕೊಂಡವರ ಮನೇಲಿ ಮದುವೆ ಹೆಣ್ಣಿದ್ದಾಳಾ?"

"ಗೊತ್ತಿಲ್ಲ."

"ನೋಡು ಮತ್ತೆ. ಗುರುತಿಲ್ಲದವರ ನೆಲಕ್ಕೆ ನನ್ನ ಬಾತಾ ಸುತ್ತಿ ಕಳಿಸಿದೀಯ." ದನಿ ಏರಲಿಲ್ಲ. "ಮಾರೋದು ತಪ್ಪಲ್ಲ ಕಣೇ. ಕುರಿ ಮಾರ್ತೀವಿ, ಹಾಲು ಮಾರ್ತೀವಿ. ಮಾರ್ತೀನಿ ಅಂದಿದ್ರೆ ಬಂದು ಉರುಳಿಸಿ ಹೋಗ್ತಿದ್ದೆ. ಬಾತಾಕ್ಕೆ ಬಾಯಿ ತೆಗೀತಿರಲಿಲ್ಲ, ಅಷ್ಟೇ."

ಎದ್ದು ಹೋಗುತ್ತಾಳೆಂದುಕೊಂಡರೆ, ಉಮ್ಸುನಾಯ್ ಹಾಸನ್ನು ಮಡಿಲಿಗೆಳೆದುಕೊಂಡು ಸೂಜಿ ಮುಂದೆ ಚಾಚಿದಳು. ಕಣ್ಣು ಸಾಲದು. ನುರಿಪಾ ದಾರ ಪೋಣಿಸಿ ಕೊಟ್ಟಳು. ಮುದುಕಿ ಮಾತಿಲ್ಲದೆ ಅಂಚಿನುದ್ದಕ್ಕೂ ಹುರಿ ಕೂರಿಸಿದಳು. ದಾರ ಮುಗಿದಾಗಲೆಲ್ಲ ಸೂಜಿ ಚಾಚುವಳು, ನುರಿಪಾ ಪೋಣಿಸುವಳು. ಎರಡು ಮಾತು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚಹಾ ಆರಿತು. ಹೊರಡುವಾಗ ಮುದುಕಿ ರೊಟ್ಟಿಯಿಂದ ಮಾತ್ರ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅನ್ನ ಕಂಡ ಮೇಲೆ ಮುಟ್ಟದೆ ಹೋಗಬಾರದಲ್ಲ.

ಅಷ್ಟರಲ್ಲಿ ಇನ್ನೊಂದು ದೊಡ್ಡ ಶಿರ್ದಾಕಿಗೆ ಕೇಳಿಕೆ ಬಂದಿತ್ತು. ನುರಿಪಾ ಮತ್ತೆ ಬೀದಿಗಿಳಿದಳು. ಮೊದಲು ಕಲಿಚಾಳ ಕೊಟ್ಟಿಗೆ.

"ಈ ಸಲ ಮದುವೆ ಯಾರದ್ದು? ನಿಂದೇನಾ?" ಎಂದಳು ಕಲಿಚಾ. ಸುದ್ದಿ ಆಗಲೇ ಮುಟ್ಟಿತ್ತು.

"ಮಾರೋಕೆ. ಕೂಲಿ ಕೊಡ್ತೀನಿ."

"ಮೊದಲೇ ಅಂದಿದ್ರೆ ನನ್ನ ಕುರಿ ಉಣ್ಣೆ ಉಳೀತಿತ್ತಲ್ಲೇ!" ಕಲಿಚಾ ನಕ್ಕಳು. ನುರಿಪಾಳಿಗೆ ನಗು ಬರಲಿಲ್ಲ. ಅದೇ ಮಾತನ್ನು ಬಾಗಿಲಿಂದ ಬಾಗಿಲಿಗೆ ಹೇಳಿಕೊಂಡು ಹೋದಳು. ಸುಳ್ಳಿನ ಹಾಗೆ ಈ ಮಾತು ನಾಲಿಗೆಗೆ ಹೊಂದಲೇ ಇಲ್ಲ. ಕೊನೆಯ ಮನೆಯಲ್ಲೂ ತೊದಲಿದಳು. ಉಮ್ಸುನಾಯ್ ಮನೆಯ ಮುಂದೆ ಮಾತ್ರ ನಿಲ್ಲದೆ ತಲೆ ತಗ್ಗಿಸಿ ದಾಟಿದಳು.

ಕೆಲವರು ಬಂದರು. ಹಿಡಿ ಉಣ್ಣೆ ಯಾರ ಕೈಯಲ್ಲೂ ಇರಲಿಲ್ಲ. ಕರೆಯದಿದ್ದರೂ ಉಮ್ಸುನಾಯ್ ಬಂದಳು. ಕೋಲು ಗೋಡೆಗೊರಗಿಸಿ, ತೋಳು ಮಡಿಸಿ, ಮೊದಲಿನ ಹಾಗೇ ಭಾರ ಬಿಟ್ಟು ಒತ್ತಿದಳು. ಹಾಸು ಗಟ್ಟಿಯಾಗಿ, ಸಮನಾಗಿ ಬಂತು. ಮೊದಲಿನದಕ್ಕಿಂತ ಚೆನ್ನಾಗಿ ಬಂತೆಂದೇ ಹೇಳಬೇಕು.

ಕೆಲಸ ಮುಗಿಯಿತು. ನುರಿಪಾ ಕೂಲಿ ಕೊಟ್ಟಳು. ಉಮ್ಸುನಾಯ್ ನೋಟುಗಳನ್ನು ನೋಡದೆ ಕೋಟಿನ ಜೇಬಿಗೆ ಸೇರಿಸಿದಳು. ಆಮೇಲೆ ಎಲ್ಲರೂ ಅಭ್ಯಾಸಬಲದಿಂದ ಒಂದು ಕ್ಷಣ ಕೂತೇ ಇದ್ದರು. ಕಣ್ಣುಗಳೆಲ್ಲ ಮುದುಕಿಯ ಕಡೆ. ನುರಿಪಾಳ ಅಂಗೈಗಳು ತಾವಾಗಿ ಮೊಣಕಾಲಿನಿಂದ ಮೇಲೆದ್ದು ತೆರೆದುಕೊಂಡಿದ್ದವು.

ಉಮ್ಸುನಾಯ್ ಬಗ್ಗಿ ಬೂಟಿನೊಳಗೆ ಕಾಲು ತೂರಿಸಿದಳು. "ನಡೀರೇ, ಹಸು ಬರೋ ಹೊತ್ತು" ಅಂದಳು. ಹೆಂಗಸರು ಲಂಗ ಕೊಡವಿಕೊಂಡು ಎದ್ದರು.

ನುರಿಪಾಳ ಕೈ ಇನ್ನೂ ತೆರೆದೇ ಇತ್ತು. ಕಲಿಚಾ ಅತ್ತಲೇ ನೋಡುತ್ತಿದ್ದಳು. ತೆರೆದದ್ದೇ ಅದಕ್ಕೆಂಬಂತೆ ನುರಿಪಾ ಒದ್ದೆ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.