ಇಪ್ಪತ್ತೆರಡು ಟನ್ ಮೀನು

ಮೀನಿನ ವಾಸನೆ ಇಷ್ಟೇ ಏನು, ಮನೋಳಿಯ ಹೊಳೆದಂಡೆಗೆ ಇಳಿಯುತ್ತಿದ್ದಂತೆ ಮೂಗಿಗೆ ಬಂದದ್ದು, ಒದ್ದೆ ಕಬ್ಬಿಣದ ಹಾಗೆ, ನಾನು ಹೆದರಿದಷ್ಟಿಲ್ಲ — ಮೂರು ವರ್ಷದಿಂದ ಮೀನಿನ ಅಂಕಿಸಂಖ್ಯೆ ಕೂಡಿಸುವ ನಾನು, ಸುಚೇತಾ, ಒಂದು ಮೀನನ್ನೂ ಮುಟ್ಟಿಲ್ಲವೆಂದು ಕಚೇರಿಯಲ್ಲಿ ನಗುತ್ತಾರೆ, ಅಜ್ಜಿ ರಾಧಾಬಾಯಿ ನಗುವುದಿಲ್ಲ, ಮೀನು ತಿನ್ನದ ಮನೆ ನಮ್ಮದು, ನೋಡಿ ಬಾ, ಮುಟ್ಟಬ್ಯಾಡ ಅಂದಳು, ನೋಡಲಿಕ್ಕೇ ಬಂದೆ, ಸವದತ್ತಿ ತಾಲ್ಲೂಕಿನ ಇದೇ ಹೊಳೆ, ಒಂದೇ ವರ್ಷ, ದೆಹಲಿಯಿಂದ ಬಂದ ಎರಡು ಪಟ್ಟಿ, ಒಂದರಲ್ಲಿ ಮೀನು ನಲವತ್ತೊಂದು ಟನ್, ಇನ್ನೊಂದರಲ್ಲಿ ಅರವತ್ತಮೂರು, ನಡುವಿನ ಇಪ್ಪತ್ತೆರಡು ಟನ್ ಎಲ್ಲಿ ಈಜುತ್ತಿದೆ, ಮೇಲಧಿಕಾರಿ ಕಾಂತೇಶರಿಗೆ ಅದು ಲೆಕ್ಕದ ತಪ್ಪು, ದೊಡ್ಡ ಅಂಕಿ ಹೊಡೆದುಹಾಕು, ಸೋಮವಾರ ವರದಿ ಹೋಗಲಿ ಅಂದರು, ಹೊಡೆದುಹಾಕಿದರೆ ಮುಂದಿನ ವರ್ಷ ಸರಕಾರ ಇಲ್ಲಿಗೆ ಬಿಡುವ ಮೀನುಮರಿಯೂ ಕಡಿಮೆ, ಅದನ್ನು ಯಾರೂ ಹೇಳುವುದಿಲ್ಲ — ದಂಡೆಯಲ್ಲಿ ಕೂತವನು ಮೀನು ಗುತ್ತಿಗೆದಾರನ ತೂಕದವನು ನೀಲಪ್ಪ, ಮೊದಲ ಪಟ್ಟಿ ಹುಟ್ಟುವುದು ಇವನ ಪುಸ್ತಕದಿಂದ, ದೊಡ್ಡ ಮೀನಷ್ಟ ಕಾಟಾಕ್ಕ ಬರತಾವ್ರಿ ಅನ್ನುತ್ತಾನೆ ದೊಡ್ಡ ತಕ್ಕಡಿ ತೋರಿಸಿ, ಎರಡನೆಯದು ಮನೆಮನೆಗೆ ಹೋಗಿ ಏನು ತಿಂದಿರಿ ಎಂದು ಕೇಳಿ ಮಾಡಿದ್ದು, ಹಾಗಾದರೆ ಸಣ್ಣ ಮೀನು ಎಲ್ಲಿ ಎಂದೆ, ಅವನು ಗದ್ದ ಎತ್ತಿ ತೋರಿಸಿದ, ಬುಟ್ಟಿ ಹಿಡಿದು ನಿಂತ ಹೆಂಗಸರು, ಹದಿನಾರು ಜನ, ಮುಂದೆ ಸಾವಿತ್ರೆವ್ವ, ಕಾಲಿಗೆ ಕೆಸರು, ಹೂಲಿ ತನಕಾ ನಡಕೊಂತ ಹೋಗಿ ಮಾರತೇವ್ರಿ ಬಾಯಾರ, ಉಳದದ್ದು ಮನ್ಯಾಗ ಸಾರು, ಎಷ್ಟ ಒಯ್ತೀರಿ ಅಂತ ನಮ್ಮನ್ನ ಯಾರೂ ಕೇಳಿಲ್ಲ — ಯಾರೂ ಕೇಳಿಲ್ಲ, ನಾನೂ ಮೂರು ವರ್ಷ ಕೇಳಿಲ್ಲ, ವರ್ಷಕ್ಕೆ ಇನ್ನೂರಾ ಮೂವತ್ತು ದಿನ ಬರುತ್ತಾರಂತೆ, ಬುಟ್ಟಿಗೆ ಆರು ಕಿಲೋ ಇದ್ದರೆ, ಹದಿನಾರಾರಲೆ ತೊಂಬತ್ತಾರು, ದಿನಗಳಿಂದ ಗುಣಿಸು, ಇಪ್ಪತ್ತೆರಡು ಟನ್, ಎರಡೂ ಪಟ್ಟಿ ಸುಳ್ಳಲ್ಲ, ಒಂದು ವ್ಯಾಪಾರ ನೋಡಿದೆ, ಇನ್ನೊಂದು ಊಟ ನೋಡಿದೆ, ಆದರೆ ಆರು ಕಿಲೋ ಇದೆಯೇ, ಎಷ್ಟು ತೂಗತೈತೋ ಏನೋ, ಎಂದೂ ತೂಗಿಲ್ಲ ಅಂದಳು ಸಾವಿತ್ರೆವ್ವ, ನೀಲಪ್ಪ ಆಚೀಚೆ ನೋಡಿ ತನ್ನ ಬ್ಯಾಟರಿಯ ಕೈತಕ್ಕಡಿ ತಂದುಕೊಟ್ಟ, ಮಾಲಕಗ ಹೇಳಬ್ಯಾಡ್ರಿ ಅಂದ, ನಾನು ಸಾವಿತ್ರೆವ್ವನ ಬುಟ್ಟಿ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದೆ, ಅದು ವಾಲಿತು, ಒಂದು ಮೀನು ಕೆಸರಿಗೆ ಹಾರಿತು, ಹಿಡೀರಿ, ನನಗ ಬಗ್ಗಾಕ ಆಗೂದಿಲ್ಲ ಅಂದಳು ಸಾವಿತ್ರೆವ್ವ, ಬಗ್ಗಿದೆ, ಹಿಡಿದೆ, ತಣ್ಣಗೆ, ಇಷ್ಟೊಂದು ಬಲ ಇಷ್ಟು ಸಣ್ಣದಕ್ಕೆ, ಅಜ್ಜಿಗೆ ಹೇಳುತ್ತೇನೆ, ಮುಟ್ಟಿದೆ ಅಂತ, ಕಾಂತೇಶರಿಗೂ, ಹೊಡೆದುಹಾಕುವುದಿಲ್ಲ ಅಂತ, ಬುಟ್ಟಿಗೆ ಹಾಕಿ ತಕ್ಕಡಿಯ ಗಾಜು ನೋಡಿದರೆ ಕೆಂಪು ಅಂಕಿ ನಿಲ್ಲುತ್ತಿಲ್ಲ, ಐದು ಪಾಯಿಂಟ್ ಒಂಬತ್ತು, ಆರು ಪಾಯಿಂಟ್ ಎರಡು, ಬುಟ್ಟಿಯೊಳಗೆ ಅದು ಇನ್ನೂ ಜಿಗಿಯುತ್ತಿದೆ, ಐದು ಒಂಬತ್ತು, ಆರು ಎರಡು, ಜಿಗಿಯುತ್ತಿದೆ —