ಮೇಲಿನಿಂದ ಎಣಿಸಿದ ಬೆನ್ನುಮೂಳೆ

ಮಗುವಿಗೆ ಕೊನೆಯ ಜೊತೆ ಪಕ್ಕೆಲುಬು ಇರಲಿಲ್ಲ. ಅದು ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಿದ್ದದ್ದು ಇಷ್ಟೇ: ಆರು ದಿನದ ಹೆಣ್ಣುಮಗು, ಸೊಂಟದ ಕೆಳಗೆ ಮೆಂತ್ಯದ ಕಾಳು ಹಿಡಿಸುವಷ್ಟು ಗುಳಿ. ಅದನ್ನು ಕಂಡ ಮಕ್ಕಳ ಡಾಕ್ಟರು ಬೆನ್ನಿನ ಸ್ಕ್ಯಾನ್ ಬರೆದುಕೊಟ್ಟರು. ಬೋರಲು ಮಲಗಿಸಿ ಜೆಲ್ ಸವರಿದ್ದೇ ತಡ, ಮಗು ಕಿರುಚಿ ರಂಪ ಮಾಡಿತು. ಸ್ಕ್ಯಾನ್ ಡಾಕ್ಟರು ಕೊನೆಯ ಪಕ್ಕೆಲುಬು ಹುಡುಕಿ, ಅಲ್ಲಿಂದ ಕೆಳಕ್ಕೆ ಒಂದೊಂದೇ ಮೂಳೆ ಎಣಿಸಿದರು.

“ಬೆನ್ನುಹುರಿ ಸೊಂಟದ ಎರಡನೇ ಮೂಳೆಗೆ ಮುಗೀಬೇಕು. ಇಲ್ಲಿ ಮೂರನೇದಕ್ಕೆ ಬಂದಿದೆ. ಕೆಳಗೆ ಎಲ್ಲೋ ಅಂಟಿಕೊಂಡು ಎಳೀತಿರಬಹುದು. ಹಾಗಿದ್ರೆ ಮುಂದೆ ಕಾಲಿನ ಬಲ ಹೋಗುತ್ತೆ. ಎರಡು ವಾರ ಬಿಟ್ಟು ದೊಡ್ಡ ಆಸ್ಪತ್ರೇಲಿ ತೋರಿಸಿ.”

ಅಜ್ಜಿಯ ಕಿವಿಯಲ್ಲಿ ಉಳಿದದ್ದು ಕಾಲು ಎಂಬ ಮಾತೊಂದೇ. ಸೊಸೆಯ ತಮ್ಮ ಎಡಗಾಲು ಎಳೆದು ನಡೆಯುತ್ತಿದ್ದ.

ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಹೆಂಗಸು ಅವಳು. ಹೊಲಿಗೆ ಎಷ್ಟು ನೀಟಾಗಿದ್ದರೂ ಬಟ್ಟೆ ತಿರುವಿ ಒಳಮೈ ನೋಡದೆ ಬಿಟ್ಟವಳಲ್ಲ.

“ನಿನ್ನ ತಮ್ಮನ ಕಾಲಿಗೆ ಏನಾಗಿತ್ತಮ್ಮ?”

“ಸೈಕಲ್ಲಿಂದ ಬಿದ್ದಿದ್ದ. ಮದುವೆಗೆ ಮುಂಚೆನೇ ಹೇಳಿದ್ವಲ್ಲ, ಅಮ್ಮ.”

“ಎಷ್ಟನೇ ವಯಸ್ಸಲ್ಲಿ?”

“ಎಂಟೋ ಒಂಬತ್ತೋ.”

ಅಜ್ಜಿ ಬೀಗಿತ್ತಿಗೆ ಫೋನ್ ಮಾಡಿ, ಬಾಣಂತಿಯ ಪಥ್ಯದ ಮಾತಿನ ನಡುವೆ ಅದನ್ನೇ ಕೇಳಿದಳು. ಬೀಗಿತ್ತಿ ಏಳು ಅಂದಳು. ಒಂದೇ ಬೀಳುವಿಕೆಗೆ ಮೂರು ವಯಸ್ಸು. ಕುಂಬಳಕಾಯಿ ಕಳ್ಳರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಳು.

“ಅಮ್ಮ, ಕಡ್ಡೀನ ಗುಡ್ಡ ಮಾಡ್ಬೇಡ,” ಎಂದ ಮಗ.

“ನೀನು ಸುಮ್ನಿರು. ನಿಂಗೆ ಗುಡ್ಡ ಮೈಮೇಲೆ ಬಿದ್ರೂ ಕಾಣಲ್ಲ.”

ಸ್ಕ್ಯಾನ್ ಆದ ನಾಲ್ಕನೆಯ ದಿನ ಸೊಸೆಯ ತಮ್ಮ ಮಗು ನೋಡಲು ಬಂದ.

“ಬಾಪ್ಪ, ನಿಂಗೊಂದು ಶರ್ಟ್ ಹೊಲಿತೀನಿ. ಅಳತೆ ಕೊಡು. ಹಾಕಿರೋದು ತೆಗಿ, ಸರಿಯಾಗಿ ಸಿಗಲ್ಲ.”

ಪಾಪದವನು ತೆಗೆದ. ಅಜ್ಜಿ ಟೇಪು ಹಿಡಿದು ಕುತ್ತಿಗೆಯಿಂದ ಸೊಂಟಕ್ಕೆ ಬಂದಳು, ಸೊಂಟದಿಂದ ಇನ್ನೂ ಕೆಳಕ್ಕೆ. ಗುಳಿ ಇಲ್ಲ, ಕೂದಲ ಕುಚ್ಚಿಲ್ಲ, ಗಾಯದ ಗೆರೆ ಇಲ್ಲ.

“ಶರ್ಟು ಅಷ್ಟುದ್ದ ಬೇಡ ಅತ್ತೆ,” ಎಂದು ಅವನು ನಕ್ಕ.

ಅಜ್ಜಿ ತಲೆಯೆತ್ತಿದಾಗ ಬಾಗಿಲಲ್ಲಿ ಸೊಸೆ ಮಗು ಎತ್ತಿಕೊಂಡು ನಿಂತಿದ್ದಳು. ಅಂದಿನಿಂದ ಅವಳ ಊಟ ಅರ್ಧಕ್ಕಿಳಿಯಿತು. ವಾರದೊಳಗೆ ಹಾಲು ಬತ್ತಿ, ಅಡುಗೆಮನೆಗೆ ಪುಡಿಹಾಲಿನ ಡಬ್ಬಿ ಬಂತು. ಗುಳಿ ಇಲ್ಲದಿದ್ದರೇನು, ಒಳಗಿನದು ಯಾರಿಗೆ ಗೊತ್ತು ಎಂದು ಅಜ್ಜಿಯ ಅನುಮಾನ ಹಾಗೆಯೇ ಉಳಿಯಿತು.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಮಗುವಿಗೆ ಮೊದಲು ಹಾಲು ಕುಡಿಸಿ ಎಂದರು. ನಿದ್ದೆ ಹತ್ತಿದ ಮೇಲೆ ಬಾಲದ ಮೂಳೆಯಿಂದ ಮೇಲಕ್ಕೆ ಎಣಿಸಿದರು. ಆಮೇಲೆ ಪಕ್ಕೆಲುಬು ಎಣಿಸಿದರು, ಎರಡು ಸಲ.

“ಹುರಿ ಎರಡನೇ ಮೂಳೆಗೇ ಮುಗಿದಿದೆ. ಇಲ್ನೋಡಿ, ನರದ ಎಳೆಗಳು ಹೇಗೆ ಆಡ್ತಿವೆ. ಎಲ್ಲೂ ಅಂಟಿಲ್ಲ. ಇವಳಿಗೆ ಪಕ್ಕೆಲುಬು ಹನ್ನೊಂದೇ ಜೊತೆ. ಮೊದಲು ಸ್ಕ್ಯಾನ್ ಮಾಡಿದವರು ಹನ್ನೊಂದನೇದನ್ನೇ ಹನ್ನೆರಡು ಅಂದ್ಕೊಂಡು ಶುರು ಮಾಡಿದ್ದಾರೆ, ಅದಕ್ಕೇ ಎರಡನೇ ಮೂಳೆ ಮೂರನೇದಾಗಿದೆ. ಕೆಲವರಿಗೆ ಹೀಗಿರುತ್ತೆ, ಏನೂ ತೊಂದರೆ ಇಲ್ಲ.”

“ತುದಿ ಕತ್ತರಿಸಿದ ಟೇಪಲ್ಲಿ ಅಳೆದ ಹಾಗಾಯ್ತು,” ಎಂದಳು ಅಜ್ಜಿ. “ಎರಡಿಂಚು ಇದ್ರೆ ಮೂರು ತೋರಿಸುತ್ತೆ.”

ಡಾಕ್ಟರಮ್ಮ ನಕ್ಕರು. ಮಗನೂ ನಕ್ಕ. ಸೊಸೆ ಮಗುವಿನ ಬೆನ್ನಿನ ಜೆಲ್ ಒರೆಸುತ್ತಿದ್ದಳು.

“ಅತ್ತೆ, ಚೀಲ ಕೊಡಿ,” ಎಂದಳು. ಮೂರು ವರ್ಷದಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು.

ಹೋದದ್ದು ಹದಿನಾರು ದಿನ, ಬಾಣಂತಿಯ ಎದೆಹಾಲು, ‘ಅಮ್ಮ’ ಎಂಬ ಒಂದು ಕರೆ.