ಅತ್ತೆಮ್ಮನ ಕೋಟು

ಬೇಕರಿಯ ಗಾಡಿ ಎಳೆಯುವ ಮುದಿ ಕುದುರೆಗೆ ಅತ್ತೆಮ್ಮ ಎಂದು ಹೆಸರಿಟ್ಟವನು ಗಾಡಿಯವನೇ. ಮದುವೆಯಾಗದವನಿಗೂ ಹೆದರಲು ಯಾರಾದರೂ ಬೇಕಲ್ಲ. ಆದರೆ ಅವನು ನಿಜಕ್ಕೂ ಹೆದರುತ್ತಿದ್ದದ್ದು ಅಕ್ಕನಿಗೆ. ಲಾಯದ ಮೇಲಿನ ಎರಡು ಕೋಣೆಗಳಲ್ಲಿ ತಮ್ಮನ ಜೊತೆಗಿದ್ದ ಅಕ್ಕ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಅವಳು ಹೊಲಿದ ಕೋಟು ತೊಟ್ಟವರು ಬಗ್ಗಲಾರರು, ಆದರೆ ನಿಂತರೆ ಮಂತ್ರಿಗಳ ಹಾಗೆ ಕಾಣುತ್ತಾರೆ.

ಹೋದ ಚಳಿಗಾಲದ ಮಳೆಯಲ್ಲಿ ಅತ್ತೆಮ್ಮ ಕೆಮ್ಮಿ ಕೆಮ್ಮಿ ಹೈರಾಣಾಗಿದ್ದಳು. "ಇನ್ನೊಂದ್ಸಲ ಎದೆಗೆ ಶೀತ ಇಳಿದ್ರೆ ನನ್ನನ್ನ ಕರೀಬೇಡಿ, ಗುಂಡಿ ತೋಡೋರನ್ನ ಕರೀರಿ" ಎಂದಿದ್ದ ಪಶುವೈದ್ಯ. ಅದಕ್ಕೇ ಈ ಸಲ ಮೊದಲ ಮೋಡ ಕಂಡದ್ದೇ ತಡ, ಅಕ್ಕ ಟೇಪು ಹಿಡಿದು ಲಾಯಕ್ಕಿಳಿದಳು.

ಹೊರಗೆ ರೈನ್‌ಕೋಟಿನ ಬಟ್ಟೆ, ಒಳಗೆ ಉಣ್ಣೆ, ಎದೆಗೆ ಹಿತ್ತಾಳೆ ಗುಂಡಿ. ಕುದುರೆಯ ಮೈಗೆ ಎರಕ ಹೊಯ್ದಂತೆ ಕೂತಿತು. ಬೀದಿಗೆ ಬೀದಿಯೇ ನೋಡಲು ಬಂತು. "ನಮ್ಮ ಬೀದೀಲಿ ಅಳತೆಗೆ ಸರಿಯಾದ ಬಟ್ಟೆ ಹಾಕ್ಕೊಳೋದು ಇವಳೊಬ್ಳೇ ನೋಡಪ್ಪಾ" ಎಂದ ಕ್ಷೌರಿಕ.

ಎಡವಟ್ಟಾದದ್ದು ಆ ಅಳತೆಯಲ್ಲೇ. ಚಳಿಗೆ ಕುದುರೆಯ ಕೂದಲು ನಿಮಿರಿ ನಿಂತು, ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಡುತ್ತದೆ. ಅಕ್ಕನ ಕೋಟು ಅದನ್ನು ಇಸ್ತ್ರಿ ಹಾಕಿದಂತೆ ಒತ್ತಿ ಮಲಗಿಸಿತು. ಗಾಡಿ ಎಳೆದರೆ ಒಳಗೆ ಬೆವರು; ಬೆವರಿಗೆ ಹೊರದಾರಿಯಿಲ್ಲ; ನಿಂತರೆ ಅದೇ ಐಸು. ಗಾಡಿಯವನಿಗೆ ಮೊದಲ ದಿನವೇ ಗೊತ್ತಾಯಿತು. ಆದರೆ ಅಕ್ಕನಿಗೆ ಹೇಳುವವರು ಯಾರು? ಕೋಟಿನ ತೋಳು ಬಿಗಿ ಎಂದ ನೆಂಟನೊಬ್ಬನನ್ನು ಅವಳು ಇವತ್ತಿಗೂ ಮಾತಾಡಿಸುವುದಿಲ್ಲ.

ಅವನು ಸುಲಭದ ದಾರಿ ಹಿಡಿದ. ಬೀದಿ ತಿರುಗಿದ ಮೇಲೆ ಕೋಟು ಬಿಚ್ಚಿ ನಾಲ್ಕು ಮಡಿಕೆ ಮಾಡಿ ಸೀಟಿನ ಕೆಳಗಿಡುವುದು. ಗಾಡಿ ನಿಂತಲ್ಲೆಲ್ಲ ಹಳೇ ಕಂಬಳಿಯನ್ನು ಸಡಿಲವಾಗಿ ಹೊದಿಸುವುದು. ಮನೆಯ ಹತ್ತಿರ ಬಂದಾಗ ಮತ್ತೆ ಕೋಟು ತೊಡಿಸುವುದು. ಅಕ್ಕ ಕಿಟಕಿಯಿಂದ ಬಗ್ಗಿ, "ಹೇಗಿದಾಳೋ?" ಎಂದರೆ, "ಅವಳಿಗೇನು, ಮಹಾರಾಣಿ!" ಎನ್ನುವುದು.

ಒಂದು ಮಧ್ಯಾಹ್ನ ಮಳೆ ಗಾಳಿಯ ಜೊತೆ ಓರೆಯಾಗಿ ಹೊಡೆಯಿತು. ಬೀದಿಯ ತಿರುವಿಗೆ ಬರುವಾಗ ಅತ್ತೆಮ್ಮ ತೊಯ್ದು ತೊಪ್ಪೆ. ಲಾಯ ಸೇರಿದ ಕೂಡಲೇ ಬಿಚ್ಚಿದರಾಯಿತು ಎಂದುಕೊಂಡು, ಅವನು ಒದ್ದೆ ಮೈಮೇಲೇ ಕೋಟು ತೊಡಿಸಿ ಗುಂಡಿ ಹಾಕಿದ. ಗ್ರಹಚಾರ, ಅಕ್ಕ ಛತ್ರಿ ಹಿಡಿದು ಗೇಟಿನಲ್ಲೇ ನಿಂತಿದ್ದಳು, ಪಕ್ಕದಲ್ಲೊಬ್ಬ ಹೊಸ ಗಿರಾಕಿ.

"ನೋಡಿ ಸ್ವಾಮಿ, ಎಲ್ಲಾದ್ರೂ ಸಡಿಲ ಇದ್ಯಾ? ಕುದುರೇಗೇ ಹೀಗೆ ಹೊಲಿದೋಳು ನಿಮಗೆ ಕೆಡಿಸ್ತೀನಾ?"

ಗಿರಾಕಿ ಕಾಲರ್ ಬಗ್ಗೆ ಕೇಳಿದ, ಆಮೇಲೆ ಜೇಬಿನ ಬಗ್ಗೆ. ಕೋಟಿನೊಳಗೆ ಅತ್ತೆಮ್ಮನ ಭುಜ ಸಣ್ಣಗೆ ನಡುಗಿತು. ಗಾಡಿಯವ ಕೆಮ್ಮಿದ. ಯಾರೂ ತಿರುಗಲಿಲ್ಲ. ಆಗ ಅತ್ತೆಮ್ಮ ಕೆಮ್ಮಿದಳು.

"ಅಕ್ಕಾ, ಸಾಕು ಬಿಡು!" ಅವನ ಕೈ ಆಗಲೇ ಗುಂಡಿಗಳ ಮೇಲಿತ್ತು. "ಈ ಕೋಟು ಇವಳ ಜೀವ ತೆಗಿಯತ್ತೆ."

ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದ. ಅಕ್ಕ ಕೋಟಿನೊಳಗೆ ಕೈ ತೂರಿಸಿ, ಒದ್ದೆ ಉಣ್ಣೆಯನ್ನು ಹಿಂಡಿ ನೋಡಿದಳು. ಒಣಹುಲ್ಲಿನ ಹಿಡಿ ತೆಗೆದುಕೊಂಡಳು. ಇಬ್ಬರೂ ಎರಡು ಕಡೆಯಿಂದ ಮೈ ತಿಕ್ಕಿದರು. ಹೊಸ ಹುಲ್ಲು ಹಾಸಿದರು, ಗಾಳಿ ಬೀಸುವ ಕಡೆಯ ಬಾಗಿಲು ಹಾಕಿ ಮೇಲಿನ ಕಿಂಡಿ ತೆರೆದಿಟ್ಟರು, ಮೇವು ಸುರಿದರು. ದೀಪ ಹಚ್ಚುವ ಹೊತ್ತಿಗೆ ಕುದುರೆಯ ಕಿವಿ ಬೆಚ್ಚಗಾಗಿತ್ತು. ಕೆಮ್ಮು ಮತ್ತೆ ಬರಲಿಲ್ಲ.

"ಕೋಟಿನ ಮೇಲೆ ದಿನಾ ನಾಲ್ಕು ಮಡಿಕೆಯ ಗೆರೆ ಎದ್ದು ಕಾಣ್ತಿತ್ತು," ಎಂದಳು ಅಕ್ಕ. "ಮೈಮೇಲಿರೋ ಬಟ್ಟೇಲಿ ಹಾಗೆ ಗೆರೆ ಬೀಳಲ್ಲ. ನೀನೇ ಬಾಯ್ಬಿಡ್ತೀಯ ಅಂತ ಕಾದೆ. ಗಿರಾಕಿಗಳಿಗೆ ನನ್ನೆದುರು ಬಾಯಿಲ್ಲ ಅಂತ ಗೊತ್ತಿತ್ತು ಕಣೋ, ನಿನಗೂ ಇಲ್ಲ ಅಂತ ಗೊತ್ತಿರಲಿಲ್ಲ."

"ನೀನಾದ್ರೂ ಕೇಳಬಹುದಿತ್ತಲ್ಲ?"

ಅಕ್ಕ ಕುದುರೆಯ ಕಿವಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

ಮರುದಿನ ಅಕ್ಕ ಕೋಟಿನ ಹೊಲಿಗೆಯನ್ನೆಲ್ಲ ಬಿಚ್ಚಿ, ಗಾಳಿಯಾಡುವ ಬಟ್ಟೆ ಸೇರಿಸಿ, ಗುಡಾರದಂತೆ ಅಗಲವಾಗಿ ಮತ್ತೆ ಹೊಲಿದಳು. ನೋಡಲು ಒಬ್ಬರೂ ಬರಲಿಲ್ಲ. ಬಿಚ್ಚಿದ ರೈನ್‌ಕೋಟಿನ ಬಟ್ಟೆಯಲ್ಲಿ ತಮ್ಮನಿಗೊಂದು ವೇಸ್ಟ್‌ಕೋಟಾಯಿತು, ಹಿತ್ತಾಳೆ ಗುಂಡಿಯ ಸಮೇತ. ಅವನು ತೊಟ್ಟು, ಉಸಿರೆಳೆದು, ಧೈರ್ಯ ಮಾಡಿ ಹೇಳಿದ:

"ಕಂಕುಳಲ್ಲಿ ಬಿಗಿ, ಅಕ್ಕಾ."

ಅಕ್ಕ ಸೂಜಿಯಿಂದ ಕಣ್ಣು ಕೀಳಲಿಲ್ಲ.

"ಕುದುರೆಯಾದ್ರೂ ಸುಮ್ಮನಿತ್ತು."